ಪುಷ್ಪಕದ ಸಾಹೇಬರು ಸಾರು ಕೇಳಿದ್ದು

ಇದು ನಡೆದ ಸಂಗತಿ. ನಡೆದದ್ದು ಮದ್ದೂರಿನಲ್ಲಿ, ಹಾಡಹಗಲಲ್ಲಿ, ನಾಲ್ಕು ಜನರ ಕಣ್ಣೆದುರಿಗೆ. ಇದರಲ್ಲಿ ಮೈಕ್‌ಸೆಟ್ ಸ್ವಾಮಿ ಇದ್ದಾನೆ ಎಂದ ಕೂಡಲೇ ‘ಅಂಗಾದ್ರೆ ಅರ್ಧ ಸುಳ್ಳು ಬುಡು’ ಅನ್ನುವವರು ಪೇಟೆಬೀದಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವನ ಹೆಂಡತಿಯ ತವರು ಶಿವನಸಮುದ್ರದ ಪಕ್ಕದ ಬ್ಲಫ್. ಹಾಗಾಗಿ ಊರಿನವರು ಅವನನ್ನು ಬ್ಲಫ್ ಅಳಿಯ ಅನ್ನುತ್ತಾರೆ, ಮಾವನ ಮನೆಯವರು ಅಳಿಯನಿಗೆ ಬೇರೇನೂ ಕೊಡದಿದ್ದರೂ ಊರಿನ ಹೆಸರನ್ನು ಧಾರಾಳವಾಗಿ ಕೊಟ್ಟು ಕಳಿಸಿದ್ದಾರೆ ಅನ್ನುತ್ತಾರೆ. ಆದರೆ ಈ ಸಲ ಬ್ಲಫ್ ಬಿಟ್ಟವನೇ ಅದರೊಳಗೆ ಬಿದ್ದು ಒದ್ದಾಡಿದ್ದರಿಂದ, ಇದನ್ನು ಪೂರ್ತಿ ನಂಬಬಹುದು.

ಸ್ವಾಮಿ ಮಂಡ್ಯದ ಕಾಲೇಜಿನಲ್ಲಿ ಬಿ.ಎ. ಓದಿದವನು. ಓದಿದ್ದಕ್ಕಿಂತ ಮೇಷ್ಟರುಗಳ ದನಿ ಕಲಿತದ್ದೇ ಹೆಚ್ಚು. ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಒಮ್ಮೆ ಇಡೀ ಕಾಲೇಜನ್ನು ಮನೆಗೆ ಕಳಿಸಿದ್ದ. ಹನಕೆರೆ ಸ್ಟೇಷನ್ನಿನಲ್ಲಿ, ಕಂಬದ ಹಿಂದೆ ನಿಂತು, ಮೂಗಿನಿಂದ ಪ್ಲಾಟ್‌ಫಾರಂ ಬದಲಾಗಿದೆ ಎಂದು ಸಾರಿ, ಒಂದು ಮದುವೆ ದಿಬ್ಬಣವನ್ನು ಮದುಮಗನ ಸಮೇತ ಆಚೆ ಕಡೆಗೆ ದಾಟಿಸಿದ್ದ. ಈಗ ಆ ಬಾಯಿಯೇ ಅವನ ಅನ್ನ. ಸೀರೆ ಅಂಗಡಿಯ ಆಷಾಢದ ರಿಯಾಯಿತಿಗೆ ಹೆಣ್ಣು ದನಿ, ಕಳೆದುಹೋದ ಎಮ್ಮೆಗೆ ಅಳು ದನಿ, ಹಲ್ಲು ಡಾಕ್ಟರಿಗೆ ಗಾಂಭೀರ್ಯದ ದನಿ, ಎಲ್ಲವನ್ನೂ ತಾನೇ ರೆಕಾರ್ಡು ಮಾಡಿ ಆಟೋ ಮೇಲೆ ಕಟ್ಟಿ ಊರು ಸುತ್ತಿಸುತ್ತಾನೆ.

ಅಂಥ ಸ್ವಾಮಿಗೆ ಜಗತ್ತಿನಲ್ಲಿ ಒಂದೇ ಒಂದು ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಪುಷ್ಪಕ. ಸೂಜಿಯಿಂದ ಸೋಫಾದವರೆಗೆ ಮೊಬೈಲಿನಲ್ಲಿ ಒತ್ತಿದರೆ ಮನೆ ಬಾಗಿಲಿಗೆ ತಂದಿಳಿಸುವ ಕಂಪನಿ. ‘ಪುಷ್ಪಕ ಯಾರ ಗಾಡಿ ಗೊತ್ತೇನ್ರಯ್ಯಾ? ಕದ್ಕೊಂಡು ಓದೋನ ಗಾಡಿ’ ಎಂದು ಅವನು ಹೋದಲ್ಲೆಲ್ಲ ಹೇಳುತ್ತಿದ್ದ. ಮೈಕ್‌ಸೆಟ್ ಅಂಗಡಿಯ ಬಾಗಿಲಲ್ಲಿ ಒಂದು ಬೋರ್ಡು ತೂಗುಹಾಕಿದ್ದ: ‘ಪುಷ್ಪಕದ ಡಬ್ಬ ಹಿಡಿದು ಒಳಗೆ ಬರಬಾರದು. ಚಪ್ಪಲಿ ಹಾಕಿಕೊಂಡು ಬರಬಹುದು.’

ಎದುರು ಮನೆಯ ಮಂಗಳಮ್ಮ ಟೀಚರು ಕುಕ್ಕರಿನ ರಬ್ಬರನ್ನೂ ಅಲ್ಲೇ ತರಿಸುವವರು. ಒಂದು ದಿನ ಡಬ್ಬ ಕಂಕುಳಲ್ಲಿಟ್ಟುಕೊಂಡೇ ಜಗಳಕ್ಕೆ ನಿಂತರು.

“ಅಲ್ಲಿ ಅಗ್ಗ ಕಣಪ್ಪ ಸ್ವಾಮಿ. ನಿಂದೇನು ಗಂಟು ಓದದ್ದು?”

“ಅಗ್ಗವೇ ಕಣಕ್ಕ. ನಮ್ ಕಡೆ ಕುತ್ಗೆಗೆ ಆಕ್ಕೊಳದ್ನೂವೆ ಅಗ್ಗ ಅಂತಲೇ ಅಲ್ವಾ ಅನ್ನೋದು? ಪಾತ್ರೆ ಅಂಗ್ಡಿ ಶಿವಣ್ಣ ಬಾಗ್ಲು ಆಕ್ಲಿ, ಆಮೇಲೆ ನೋಡು, ಆ ಅಗ್ಗ ಎಂಗೆ ಬಿಗಿತದೆ ಅಂತ.”

“ನಿನ್ ಬಾಯಿಗೆ ಬೆಂಕಿ ಬೀಳ” ಎಂದು ಬೈದುಕೊಂಡು ಮಂಗಳಮ್ಮ ಹೋದರು. ಅವರು ಹೋದ ಮೇಲೂ ಸ್ವಾಮಿ ಅವರ ದನಿಯಲ್ಲೇ ತನಗೆ ತಾನೇ ಬೈದುಕೊಳ್ಳುತ್ತ ಕೂತಿದ್ದ.

ನಗೆಯ ಕೆಳಗೆ ಇದ್ದದ್ದು ಮಾತ್ರ ಹಗೆ. ಅವನ ಹೆಂಡತಿ ವೀಣ ಹೆದ್ದಾರಿ ಬದಿಯ ಪುಷ್ಪಕದ ಗೋದಾಮಿನಲ್ಲಿ ಸ್ವಲ್ಪ ಕಾಲ ಕೆಲಸಕ್ಕೆ ಹೋಗಿದ್ದಳು. ಕೋಳಿ ಕೂಗುವ ಮುಂಚೆ ಬಿಳಿ ವ್ಯಾನು ಬರುತ್ತಿತ್ತು. ಅಲ್ಲಿ ಮಣಿಕಟ್ಟಿಗೆ ಒಂದು ಯಂತ್ರ ಕಟ್ಟುತ್ತಿದ್ದರು. ನಿಂತರೆ ಕಿರುಗುಟ್ಟುವುದು, ಬೆನ್ನು ನೆಟ್ಟಗೆ ಮಾಡಿಕೊಂಡರೂ ಕಿರುಗುಟ್ಟುವುದು. ಪಾಯಿಖಾನೆ ಗೋದಾಮಿನ ಇನ್ನೊಂದು ತುದಿಗೆ. ಹೋಗಿ ಬರುವಷ್ಟರಲ್ಲಿ ಯಂತ್ರ ಮೇಲಿನವರಿಗೆ ಚಾಡಿ ಹೇಳಿರುತ್ತಿತ್ತು. ಹಾಗಾಗಿ ಹೆಂಗಸರೆಲ್ಲ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ವೀಣ ಜ್ವರ ಬಂದು, ಉರಿಮೂತ್ರ ಹತ್ತಿ, ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದಾಗ ಕಂಪನಿಯಿಂದ ಬಂದದ್ದು ಒಂದೇ ಸಂದೇಶ: ನಿಮ್ಮ ವೇಗ ಕಡಿಮೆಯಾಗಿದೆ. ಕೆಲಸ ಬಿಟ್ಟು ಬಂದು ಎಷ್ಟೋ ದಿನವಾದರೂ ಅವಳು ಹಗಲು ಹೊತ್ತು ನೀರಿನ ಚೊಂಬು ಮುಟ್ಟುತ್ತಿರಲಿಲ್ಲ. ಸ್ವಾಮಿ ಯಾರ್‍ಯಾರದೋ ದನಿ ಮಾಡಿ ನಗಿಸಿ ಕುಡಿಸಬೇಕಾಗಿತ್ತು.

ಎರಡನೆಯ ಗಾಯ ರಿಯಾಜನದು.

ರಿಯಾಜ್ ಸ್ವಾಮಿಯ ಬಾಲ್ಯದ ಗೆಳೆಯ. ಪೇಟೆಬೀದಿಯ ತುದಿಯಲ್ಲಿ ಅವನ ಅಪ್ಪ ಮಜೀದ್ ಸಾಬರು ಇಟ್ಟಿದ್ದ ಮರ ಕಡೆಯುವ ಅಂಗಡಿ. ಲೇತ್ ಮಿಷಿನ್ನಿಗೆ ಮರ ಕಚ್ಚಿಸಿ ಲಟ್ಟಣಿಗೆ, ತೊಟ್ಟಿಲ ಗಿಲಕಿ, ಮಂಚದ ಕಾಲು ಎಲ್ಲ ಮಾಡುತ್ತಿದ್ದರೂ ಆ ಅಂಗಡಿಗೆ ಹೆಸರು ಬಂದದ್ದು ಮುದ್ದೆ ಕೋಲಿನಿಂದ. ಕುದಿಯುವ ರಾಗಿ ಹಿಟ್ಟನ್ನು ಗಂಟಾಗದಂತೆ ತೊಳಸುವ ಕೋಲು. ಹೆಸರಿಗೆ ಕೋಲು, ಆದರೆ ಪಾತ್ರೆಯ ಬಾಯಿ, ಮನೆಯ ಜನ, ತೊಳಸುವವರ ತೋಳು ಮೂರೂ ನೋಡಿ ಕೊಡಬೇಕು. ಆ ಅಂಗಡಿಗೆ ಕೋಲು ಕೊಳ್ಳಲು ಬಂದ ಹೆಂಗಸರು ಮೊದಲು ರಿಯಾಜನ ತಾಯಿ ಶಮೀಮ್ ಬಾನು ಮುಂದೆ ಕೈ ಚಾಚಬೇಕಿತ್ತು. ಅವರು ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು, ಅಂಗೈ ಬಿಟ್ಟು ಮೊಣಕೈ ನೋಡುವ ಶಾಸ್ತ್ರದವರು. “ಇವ್ಳಿಗೆ ಗಿಡ್ಡಂದು ಕೊಡೋ ಬೇಟಾ, ಉದ್ದಂದು ಕೊಟ್ರೆ ಭುಜ ಬಿದ್ದೋಯ್ತದೆ” ಅನ್ನುವರು. “ಎಡಚಿ ಕಣೋ ಇವ್ಳು, ಹಿಡಿ ದಪ್ಪ ಇರೋದು ತೆಗಿ” ಅನ್ನುವರು. ಬಾಡೂಟದ ಅಡುಗೆಯವರಿಗೆ ಮಾತ್ರ ಎದೆಯೆತ್ತರದ ಕೋಲು, ಹರಿಗೋಲಿನ ಹುಟ್ಟಿನಂಥದ್ದು.

ರಿಯಾಜನ ತಂಗಿ ಮಾಹೀನ್ ಒಂದು ಸಲ ಈ ಕೋಲಿನ ಫೋಟೋ ತೆಗೆದು ಪುಷ್ಪಕಕ್ಕೆ ಏರಿಸಿದಳು. ಹಸಿರು ಬಳೆ ತೊಟ್ಟ ತಾಯಿಯ ಕೈ, ಕೈಯಲ್ಲಿ ಹುಣಸೆ ಮರದ ಕೋಲು. ಬೆಂಗಳೂರಿನಲ್ಲಿ ಮುದ್ದೆಗೆ ಹಂಬಲಿಸುತ್ತಿದ್ದ ಮಂಡ್ಯದವರೆಲ್ಲ ಮುಗಿಬಿದ್ದರು. ರಿಯಾಜ್ ಮಳವಳ್ಳಿಯಿಂದ ಇಬ್ಬರು ಕೆಲಸಗಾರರನ್ನು ಕರೆತಂದ, ಡಿಪೋದಲ್ಲಿ ಮರಕ್ಕೆ ಮುಂಗಡ ಕೊಟ್ಟ. ಕೋಲು ಎಷ್ಟು ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ, ಯಾವ ಅಳತೆಯದು ಹೆಚ್ಚು ಹೋಗುತ್ತದೆ ಎಂಬುದನ್ನು ಅವನಿಗಿಂತ ಚೆನ್ನಾಗಿ ಕಂಪನಿ ನೋಡಿಕೊಂಡಿತು. ನೋಡಿಕೊಂಡು, ತಾನೇ ಎಲ್ಲಿಯದೋ ಕಾರ್ಖಾನೆಯಲ್ಲಿ ಅದೇ ಕೋಲನ್ನು ರಾಶಿ ಹಾಕಿಸಿ, ತನ್ನ ಮುದ್ರೆ ಒತ್ತಿ, ರಿಯಾಜನ ಕೋಲಿನ ಅರ್ಧ ಬೆಲೆಗೆ ಮೊದಲನೆಯ ಸಾಲಿನಲ್ಲಿ ನಿಲ್ಲಿಸಿತು. ರಿಯಾಜನ ಕೋಲು ಬೆರಳು ನೋಯುವಷ್ಟು ಮೊಬೈಲಿನ ಪರದೆ ತಳ್ಳಿದರೂ ಸಿಗದ ಕೆಳಗಿನ ಜಾಗಕ್ಕೆ ಹೋಯಿತು.

ಕಂಪನಿಯ ಕೋಲಿಗೆ ಹೊಳೆಯಲಿ ಎಂದು ವಾರ್ನಿಷ್ ಬಳಿದಿದ್ದರು. ಮುದ್ದೆ ಕೋಲಿಗೆ ವಾರ್ನಿಷ್! ಅದು ಬಿಸಿ ಹಿಟ್ಟಿನಲ್ಲಿ ಬಿಟ್ಟುಕೊಂಡು, ಉಂಡವರು ಉಗಿದು ಬರೆದ ಬೈಗುಳಗಳೆಲ್ಲ ಅದು ಹೇಗೋ ರಿಯಾಜನ ಹೆಸರಿನ ಕೆಳಗೆ ಬಂದು ಕೂತವು. ಎಲ್ಲಕ್ಕಿಂತ ಉರಿಸಿದ್ದು ಫೋಟೋ. ಅದೇ ಕೈ. ಬಳೆ ಅಳಿಸಿದ್ದರು, ಹೆಬ್ಬೆರಳ ಮೇಲಿದ್ದ ಸುಟ್ಟ ಕಲೆ ಅಳಿಸುವುದನ್ನು ಮರೆತಿದ್ದರು. ಶಮೀಮ್ ಬಾನು ಅದನ್ನು ಮೊಬೈಲಿನಲ್ಲಿ ನೋಡಿ, ತಮ್ಮ ಕೈಯನ್ನು ತಾವೇ ಒಮ್ಮೆ ತಿರುವಿ ನೋಡಿಕೊಂಡರು. ರಿಯಾಜ್ ದೂರು ಕೊಟ್ಟದ್ದಕ್ಕೆ ಕಂಪನಿಯಿಂದ ಜೇನಿನಂಥ ದನಿ ಉತ್ತರ ಕೊಟ್ಟಿತು: ನಿಮ್ಮ ಅನುಭವ ನಮಗೆ ಅಮೂಲ್ಯ. ಸ್ವಾಮಿ ಆ ದನಿಯನ್ನು ಅಂದೇ ಕಲಿತುಬಿಟ್ಟ.

ಹೀಗಿರುವಾಗ ಒಂದು ಸಂಜೆ ಸ್ವಾಮಿ ಎರಡು ಲೋಟ ಟೀ ಹಿಡಿದು ರಿಯಾಜನ ಅಂಗಡಿಗೆ ಹೋದ. ಲೇತ್ ನಿಂತಿತ್ತು. ರಿಯಾಜ್ ಅದರ ಮೈಯನ್ನು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ, ಮಾರಲು ಹೊರಟ ಹಸುವಿನ ಮೈ ತೊಳೆಯುವ ಹಾಗೆ.

“ಶುಕ್ರವಾರ ಬತ್ತಾರೆ ಕಣ್ಲಾ” ಅಂದ, ತಲೆ ಎತ್ತದೆ.

“ಯಾರ್ಲಾ?”

“ಮಳವಳ್ಳಿ ಕರಿಯಪ್ಪ. ಮಿಷಿನ್ ತಕೊಂಡೋಗಕ್ಕೆ.”

“ಮಿಷಿನ್ ಕೊಟ್ಬುಟ್ಟು ಇಲ್ಲೇನ್ ಮಾಡ್ತೀಯ? ಕಬಡ್ಡಿ ಆಡ್ತೀಯ?”

“ಪಿಕಪ್ ಪಾಯಿಂಟ್ ಮಾಡ್ತೀನಿ. ಮಂಡ್ಯಕ್ಕೋಗಿ ಮಾತಾಡ್ಕೊಂಡು ಬಂದಿವ್ನಿ. ಡಬ್ಬ ಎಲ್ಲಾ ಇಲ್ಲಿಗೇ ಬತ್ತವೆ, ಜನ ಬಂದು ಇಸ್ಕೊಂಡೋಯ್ತಾರೆ.”

“ಯಾರ್ ಡಬ್ಬ?”

ರಿಯಾಜ್ ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದ. ಸ್ವಾಮಿ ಟೀ ಲೋಟವನ್ನು ಲೇತಿನ ಮೇಲೆ ಕುಕ್ಕಿದ.

“ಥೂ. ಪಿಕಪ್ ಪಾಯಿಂಟ್ ಅಲ್ಲ ಕಣ್ಲಾ ಅದು, ಪ್ಯಾಕಪ್ ಪಾಯಿಂಟು. ನಿಮ್ಮವ್ವನ ಕೈಯ ಕದ್ದೋರಿಗೆ ನಿಮ್ಮಪ್ಪನ ಅಂಗ್ಡಿ ಬಾಡ್ಗೆಗೆ ಕೊಡ್ತೀಯ? ನಾಚ್ಕೆ ಆಗಲ್ವಾ?”

“ಆಯ್ತದೆ” ಅಂದ ರಿಯಾಜ್. “ನಾಚ್ಕೆ ಬೇಯ್ಸಿ ಇಟ್ಟು ತೊಳ್ಸಕ್ಕಾಯ್ತದಾ? ನಿಂಗೆ ಬಾಯಿ ಅದೆ, ಬದುಕ್ತೀಯ. ನಂಗಿರೋದು ಕೈ. ಕೈಗೆ ಕೆಲ್ಸ ಇಲ್ಲ.”

“ಕೋಲು ಮಾಡೋನು ಕೋಲೆಬಸವ ಆಗೋಕೆ ಒಂಟವ್ನೆ! ಅವ್ರು ಓಲಗ ಊದ್ತಾರೆ, ನೀನು ತಲೆ ಆಡ್ಸು. ಬೆನ್ಮೇಲೆ ಬಟ್ಟೆನೂ ಒದಿಸ್ತಾರೆ, ಪುಷ್ಪಕ ಅಂತ ಬರ್ದು.”

“ಲೇ ಸ್ವಾಮಿ. ನಿನ್ ಹೆಂಡ್ತಿ ಅಲ್ಲಿಂದ ಸಂಬ್ಳ ತಂದಾಗ ಅದ್ರಲ್ಲಿ ಅಕ್ಕಿ ತಂದು ಉಣ್ನಿಲ್ವಾ? ಆಗೆಲ್ಲಿತ್ತು ಈ ಬಾಯಿ?”

ಅಲ್ಲಿಗೆ ಇಬ್ಬರೂ ದಾಟಬಾರದ ಗೆರೆ ದಾಟಿದ್ದರು. ಸ್ಟೂಲಿನ ಮೇಲಿಂದ ಶಮೀಮ್ ಬಾನು “ಬಸ್ ಕರೋ, ಇಬ್ರೂ” ಅಂದರು. ಯಾರೂ ಕೇಳಲಿಲ್ಲ.

“ಇಳಿ ಮೆಟ್ಲ” ಅಂದ ರಿಯಾಜ್. “ನನ್ ಅಂಗ್ಡಿ ಮೆಟ್ಲು ಇಳಿ. ಬೋರ್ಡು ಆಕಿದ್ದೀಯಲ್ಲ, ಅಲ್ಲೋಗಿ ನಿಂತ್ಕೊ.”

ಸ್ವಾಮಿ ಇಳಿದ. ತನ್ನ ಟೀಯನ್ನು ಚರಂಡಿಗೆ ಚೆಲ್ಲಿ ಹೋದ.

ಆ ರಾತ್ರಿಯೂ ಮರುದಿನವೂ ಅವನು ಅದೇ ಯೋಚನೆಯಲ್ಲಿ ಕೂತ. ಬುದ್ಧಿ ಹೇಳಿ ಆಗದ್ದು, ಬೈದು ಆಗದ್ದು, ಇನ್ನು ರೇಗಿಸಿಯೇ ಆಗಬೇಕು. ಕಂಪನಿಯೇ ಫೋನು ಮಾಡಿ ಇವನ ಮಾನ ತೆಗೆದರೆ? ಮನುಷ್ಯನಾದವನು ಒಪ್ಪಲಾರದ ಷರತ್ತು ಹಾಕಿದರೆ? ರಿಯಾಜನ ಮೂಗಿನ ತುದಿಯ ಸಿಟ್ಟು ಅವನಿಗೆ ಗೊತ್ತಿತ್ತು. ಒಂದು ಷರತ್ತಿಗೆ ಹಲ್ಲು ಕಡಿಯುತ್ತಾನೆ, ಎರಡನೆಯದಕ್ಕೆ ಬೈಯುತ್ತಾನೆ, ಮೂರನೆಯದಕ್ಕೆ ಕರಿಯಪ್ಪನ ಗಾಡಿಯನ್ನು ಊರಾಚೆಯಿಂದಲೇ ತಿರುಗಿಸುತ್ತಾನೆ. ವೀಣ ಹೇಳಿದ್ದನ್ನೆಲ್ಲ ನೆನೆದು, ಅದಕ್ಕೆ ತನ್ನ ಕಡೆಯಿಂದ ಉಪ್ಪು ಖಾರ ಹಾಕಿ, ಯಾವ ಕಂಪನಿಯೂ ಬಾಯಿಬಿಟ್ಟು ಹೇಳಲಾರದಂಥ ನಾಲ್ಕು ಷರತ್ತು ಹೊಸೆದ.

ಅದರ ಮಾರನೆಯ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ, ವೀಣಳ ಹಳೆಯ ಸಿಮ್ಮಿನಿಂದ, ಮೈಕ್‌ಸೆಟ್ ಅಂಗಡಿಯ ಶಟರ್ ಎಳೆದುಕೊಂಡು ಫೋನು ಮಾಡಿದ.

“ಹಲೋ, ರಿಯಾಜ್ ಜೀ? ನಾನು ಮೆಹ್ತಾ ಮಾತಾಡ್ತಾ ಇದೆ. ಪುಷ್ಪಕ, ಬೆಂಗಳೂರು ಹೆಡ್ಡಾಫೀಸು.”

ದನಿ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಸ್ವಾಮಿಗೇ ಒಂದು ಕ್ಷಣ ತಾನು ಎ.ಸಿ. ರೂಮಿನಲ್ಲಿದ್ದೇನೆ ಅನ್ನಿಸಿತು. ಆದರೆ ರಿಯಾಜ್ ಆ ಕಡೆಯಿಂದ ಗಳಗಳನೆ ಹಿಂದಿಯಲ್ಲಿ ಶುರುಮಾಡಿದ. ಸ್ವಾಮಿಯ ಹಿಂದಿ ಮೂರು ವಾಕ್ಯಕ್ಕೆ ಮುಗಿಯುವಂಥದ್ದು.

“ನೋ ನೋ ನೋ. ಕನ್ನಡ, ಕನ್ನಡ. ನಾನು ಕನ್ನಡ ಕಲೀತಾ ಇದೆ. ನೀವು ಹೆಲ್ಪ್ ಮಾಡಬೇಕು.”

“ಆಯ್ತು ಸಾರ್, ಹೇಳಿ ಸಾರ್.”

“ಪಾಯಿಂಟ್ ಕೊಡೋಕೆ ಮುಂಚೆ ರೂಲ್ಸ್ ಹೇಳ್ತಾ ಇದೆ. ಒಂದು, ಟಾಯ್ಲೆಟ್. ಡ್ಯೂಟಿ ಟೈಮ್‌ನಲ್ಲಿ ಎರಡು ಸಲ. ಓನ್ಲಿ ಎರಡು.”

ಸ್ವಾಮಿ ಫೋನನ್ನು ಕಿವಿಗೊತ್ತಿ ಹಿಡಿದ. ಈಗ ಹಲ್ಲು ಕಡಿಯುತ್ತಾನೆ.

“ಎರಡು ಸಲನಾ ಸಾರ್?” ಅಂದ ರಿಯಾಜ್. “ಬಾಳ ಉಪಕಾರ ಆಯ್ತು ಸಾರ್.”

ಸ್ವಾಮಿಗೆ ಅರ್ಥವಾಗಲಿಲ್ಲ. ಮುಂದಿನದು ಬಿಟ್ಟ.

“ಎರಡು, ಮದರ್. ನಿಮ್ಮ ತಾಯಿ ಅಂಗಡಿಯಲ್ಲಿ ಕೂರಬಹುದು. ಬಟ್ ಮಾತಾಡಬಾರದು. ಗೊಂಬೆ ತರಹ ಕೂರಬೇಕು.”

“ಕೂರ್ಬೋದಾ ಸಾರ್? ಕೂತ್ರೆ ಸಾಕು ಸಾರ್.”

“ಮೂರು! ಗಂಟೆಗೆ ಒಂದು ಸಲ ಕ್ಯಾಮೆರಾ ಮುಂದೆ ನಗಬೇಕು. ಕಂಪನಿ ನೋಡ್ತಾ ಇರುತ್ತೆ.”

“ಗಂಟೆಗೆ ಒಂದೇ ಸಲನಾ? ನಗ್ತೀನಿ ಸಾರ್.”

ಸ್ವಾಮಿಗೆ ಮೈಯೆಲ್ಲ ಉರಿಯಿತು. ಕೋಲೆಬಸವ ಅಂತ ತಾನು ಬೈದದ್ದು ಬೈಗುಳವೇ ಅಲ್ಲ, ವರ್ಣನೆ. ನಾಲ್ಕನೆಯದನ್ನು ಹಲ್ಲು ಕಚ್ಚಿ ಹೇಳಿದ: “ನಾಲ್ಕು. ಮುದ್ದೆ ಕೋಲು ಇನ್ನು ಮಾಡೋ ಹಾಗಿಲ್ಲ. ಮನೆಗೆ ಅಂತ, ವರ್ಷಕ್ಕೆ ಒಂದೇ ಒಂದು ಮಾಡಬಹುದು.”

ರಿಯಾಜ್ ಮೂಗು ಏರಿಸಿಕೊಂಡ ಸದ್ದು ಕೇಳಿತು.

“ಒಂದು ಮಾಡ್ಬೋದಾ ಸಾರ್? ಖುದ್ದು ನನ್ ಕೈಯಿಂದ?” ದನಿ ಒಡೆದಿತ್ತು. “ಅಮ್ಮಂಗೆ ಹೇಳ್ತೀನಿ ಸಾರ್. ನಿಮ್ಮಂಥೋರು ಅಲ್ಲಿದ್ದೀರಿ ಅಂತ ಗೊತ್ತಿರ್ಲಿಲ್ಲ.”

ಗೆಳೆಯನ ಆ ದನಿಯನ್ನು ಸ್ವಾಮಿ ಮಜೀದ್ ಸಾಬರು ತೀರಿಕೊಂಡ ದಿನ ಬಿಟ್ಟರೆ ಮತ್ತೆ ಕೇಳಿರಲಿಲ್ಲ. ಗಲಿಬಿಲಿಯಾಯಿತು. ಗಲಿಬಿಲಿಯಲ್ಲಿ ಫೋನು ಇಡಬೇಕಾದ ಕಡೆ ನಾಲಿಗೆ ತನ್ನಷ್ಟಕ್ಕೆ ತಾನು, ಮದ್ದೂರಿನ ಯಾವ ನಾಲಿಗೆಯಾದರೂ ಫೋನು ಇಡುವ ಮುಂಚೆ ಆಡುವ ಮಾತನ್ನು ಆಡಿಬಿಟ್ಟಿತು: “ಆಯ್ತು… ಊಟ ಆಯ್ತಾ? ಏನ್ ಸಾರು?”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಸತ್ತೆ. ಹೆಡ್ಡಾಫೀಸಿನವನು ಸಾರು ಕೇಳುತ್ತಾನೆಯೇ?

“ಉಳ್ಳಿಕಾಳು ಬಸ್ಸಾರು ಸಾರ್” ಅಂದ ರಿಯಾಜ್ ಸಂತೋಷದಿಂದ. “ಬನ್ನಿ ಸಾರ್ ಒಂದಿನ, ಮನೆಗೆ.”

ಸಂಜೆ ವೀಣಳಿಗೆ ಹೇಳಿದಾಗ ಅವಳು ನಗಲಿಲ್ಲ.

“ಅವ್ನು ಬಾಗಿದ್ದು ಸರಿ. ಅಷ್ಟೊಂದು ಖುಷಿ ಯಾಕೆ ಪಟ್ಟ ಅಂತ ಯೋಚ್ನೆ ಮಾಡಿದ್ರಾ ನೀವು?”

“ಬೆನ್ಮೂಳೆ ಇಲ್ಲ ಅವ್ನಿಗೆ. ಅಷ್ಟೇ.”

“ಇಲ್ಲ ಕಣ್ರೀ. ಬಾಯಾರಿದೋರಿಗೆ ಅರ್ಧ ಲೋಟ ನೀರು ಕೊಟ್ಟಾಗ ಅಂಗಾಡ್ತಾರೆ. ನಾನಾಡಿಲ್ವಾ?” ಅಂದು ಅವಳು ಎದ್ದುಹೋದಳು. ಸ್ವಾಮಿಗೆ ಆ ಮಾತು ತಲೆಗೆ ಇಳಿಯಲಿಲ್ಲ. ಸಿಟ್ಟಿಗೆ ಅಲ್ಲಿ ಜಾಗ ಭರ್ತಿಯಾಗಿತ್ತು.

ಶುಕ್ರವಾರ ಅವನು ಹೋಗಬಾರದೆಂದುಕೊಂಡೇ ಹೋದ. ಮೆಟ್ಟಿಲು ಹತ್ತದೆ ರಸ್ತೆಯ ಅಂಚಿನಲ್ಲಿ ಕೈಕಟ್ಟಿ ನಿಂತ. ಮಳವಳ್ಳಿ ಕರಿಯಪ್ಪ ಗೂಡ್ಸ್ ಆಟೋ ಹಿಂದಕ್ಕೆ ತಂದು ನಿಲ್ಲಿಸಿ, ಲೇತಿನ ಬೋಲ್ಟು ಬಿಚ್ಚಿ, ಸೊಂಟಕ್ಕೆ ಹಗ್ಗ ಸುತ್ತಿದ್ದ. ಮಂಗಳಮ್ಮ ಟೀಚರು, ಇನ್ನು ಡಬ್ಬ ಇಲ್ಲೇ ಸಿಗುತ್ತದಂತಲ್ಲ ಎಂದು ನೋಡಲು ಬಂದಿದ್ದರು. ಒಳಗೆ ಪುಷ್ಪಕದ ಮಂಡ್ಯ ಆಫೀಸಿನ ರಘುನಂದನ್ ಕ್ಯಾಮೆರಾಕ್ಕೆ ಮೊಳೆ ಹೊಡೆಸಿ, ಮಿನುಗುವ ಬ್ಯಾನರು ಬಿಚ್ಚುತ್ತಿದ್ದ. ಯಲಿಯೂರಿನ ಹುಡುಗ. ಆದರೆ ಮಾತು ಕೇಳಿದರೆ ರೈಲು ಯಲಿಯೂರಿನಲ್ಲಿ ನಿಲ್ಲುವುದೇ ಅವನಿಗೆ ಗೊತ್ತಿಲ್ಲದ ಹಾಗೆ.

“ಮೇಡಂ, ನೀವು ಅಲ್ಲಿಂದ ಏಳಬೇಕಾಗುತ್ತದೆ” ಅಂದ ಶಮೀಮ್ ಬಾನು ಕಡೆ ತಿರುಗಿ. “ಕ್ಯಾಮೆರಾದಲ್ಲಿ ಹೊರಗಿನವರು ಕಾಣಿಸಬಾರದು.”

ರಿಯಾಜ್ ನಗುಮುಖದಿಂದ ಮುಂದೆ ಬಂದ. “ಕೂರ್ಬೋದು ಅಂದವ್ರೆ ಸಾರ್. ಮಾತಾಡ್ಬಾರ್ದು ಅಷ್ಟೇ.”

“ಯಾರು ಅಂದವರು?”

“ನಿಮ್ ಮೇಲ್ನೋರು, ಮೆಹ್ತಾ ಸಾಹೇಬ್ರು. ಬೆಂಗ್ಳೂರಿಂದ ಫೋನ್ ಮಾಡಿದ್ರು. ನೀವು ಮಂಡ್ಯದಲ್ಲಿ ಹೇಳಿದ್ದೆಲ್ಲ ಸಡ್ಲ ಮಾಡವ್ರೆ.”

“ಮೆಹ್ತಾ ಅಂತ ಯಾರೂ ಇಲ್ಲ” ಅಂದ ರಘುನಂದನ್. “ಸಡಿಲ ಮಾಡುವ ಪದ್ಧತಿಯೂ ನಮ್ಮಲ್ಲಿಲ್ಲ.”

ಸ್ವಾಮಿ ಕಟ್ಟಿದ ಕೈ ಬಿಟ್ಟ.

“ಇಲ್ಲ ಸಾರ್, ಪಾಯಿಖಾನೆಗೆ ಎರಡು ಸಲ ಅಂದ್ರು.”

“ನಾನು ಮೊದಲೇ ಹೇಳಿದ್ದೆ. ಎದ್ದು ಹೋಗಬೇಕಾದರೆ ಅಂಗಡಿ ಮುಚ್ಚಿದ್ದೀರಿ ಎಂದು ಲೆಕ್ಕ. ಮುಚ್ಚಿದರೆ ಆ ದಿನದ ದುಡ್ಡು ಇಲ್ಲ. ಬೇರೆ ಕಡೆಯವರು ಬಾಟಲಿ ಇಟ್ಟುಕೊಳ್ಳುತ್ತಾರೆ, ಅದು ಅವರವರ ಇಷ್ಟ.”

“ನಗೋದು ಗಂಟೆಗೊಂದ್ಸಲ…”

“ಅರ್ಧ ಗಂಟೆಗೆ. ಮರೆತಿರಾ?”

“ಕೋಲು?” ರಿಯಾಜನ ದನಿ ಸಣ್ಣಗಾಗಿತ್ತು. “ಮನೆಗೆ ಅಂತ ವರ್ಷಕ್ಕೊಂದು?”

“ನಮ್ಮಲ್ಲಿರುವ ಸಾಮಾನನ್ನು ನಮ್ಮ ಪಾಯಿಂಟಿನವರು ಎಲ್ಲೂ ತಯಾರಿಸುವಂತಿಲ್ಲ. ಮನೆಗೆ ಬೇಕಾದರೆ ಆ್ಯಪ್‌ನಲ್ಲಿ ಕೊಂಡುಕೊಳ್ಳಿ. ನಿಮಗೆ ರಿಯಾಯಿತಿ ಉಂಟು.”

ಕರಿಯಪ್ಪ ಹಗ್ಗ ಎಳೆಯುವುದನ್ನು ನಿಲ್ಲಿಸಿದ್ದ. ಮಂಗಳಮ್ಮ “ಇದೇನ್ ಮನುಷ್ಯರು ಆಡೋ ಮಾತಾ?” ಎಂದು ಯಾರನ್ನೋ ಕೇಳಿದರು.

ರಸ್ತೆಯಂಚಿನ ಸ್ವಾಮಿಗೆ ಈಗ ಗೊತ್ತಾಯಿತು, ಫೋನಿನಲ್ಲಿ ಆ ದನಿ ಯಾಕೆ ಒಡೆದದ್ದು ಎಂದು. ರಾತ್ರಿ ಹಗಲು ಕೂತು, ಇದ್ದಬದ್ದ ಕ್ರೌರ್ಯವನ್ನೆಲ್ಲ ಗುಡ್ಡೆಹಾಕಿ ಅವನು ಕಟ್ಟಿದ ರಾಕ್ಷಸ, ನಿಜವಾದದ್ದರ ಮುಂದೆ ಹಾಲುಗಲ್ಲದ ಕೂಸು. ರಿಯಾಜನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದು, ಹೇಳಿಕೊಳ್ಳಲಾರದೆ ನುಂಗಿಕೊಂಡು ಕೂತಿದ್ದ.

“ಅರೆ ಬೇಟಾ” ಅಂದರು ಶಮೀಮ್ ಬಾನು, ಸ್ಟೂಲಿನಿಂದ ಏಳದೆ. “ಆ ಮೆಹ್ತಾ ಸಾಹೇಬ್ರು ಫೋನ್ ಇಡೋವಾಗ ಏನ್ ಸಾರು ಅಂತ ಕೇಳಿದ್ರು ಅಂದ್ಯಲ್ಲ.”

“ಊ ಅಮ್ಮಿ. ಒಳ್ಳೇವ್ರು ಅಂದ್ಕೊಂಡೆ.”

“ಇವ್ರು ಯಲಿಯೂರಿನವ್ರು. ಬೆಳಗ್ಗಿಂದ ಇಲ್ಲೇ ಇದ್ದಾರೆ, ನೀರು ಕುಡಿದ್ರಾ ಅಂತ ಕೂಡ ನಮ್ಮನ್ನ ಕೇಳ್ಲಿಲ್ಲ. ಬೆಂಗ್ಳೂರು ಮೆಹ್ತಾ ಸಾರು ಕೇಳ್ತಾನಾ?” ಅವರ ಸುಟ್ಟ ಕಲೆಯ ಹೆಬ್ಬೆರಳು ನಿಧಾನವಾಗಿ ರಸ್ತೆಯ ಕಡೆ ತಿರುಗಿತು. “ಸಾರು ಕೇಳೋ ಮೆಹ್ತಾ ಅಲ್ಲಿ ನಿಂತವ್ನೆ ನೋಡು.”

ಎಲ್ಲರ ತಲೆಯೂ ತಿರುಗಿತು. ರಿಯಾಜ್ ಗೋಡೆಗೊರಗಿದ್ದ ಬಾಡೂಟದ ಕೋಲನ್ನು, ಎದೆಯೆತ್ತರದ್ದನ್ನು, ಎತ್ತಿಕೊಂಡು ಮೆಟ್ಟಿಲಿಳಿದ. ಸ್ವಾಮಿ ಓಡಲಿಲ್ಲ.

“ನೀನಾ?”

“ಊಂ.”

“ಎರಡು ಸಲ ಉಚ್ಚೆಗೆ ಬುಟ್ಟೋನು ನೀನಾ?”

“ಊ ಕಣ್ಲಾ. ನೀನು ರೇಗ್ಲಿ ಅಂತ ಮಾಡ್ದೆ. ಉಗ್ದು ಫೋನ್ ಇಡ್ತೀಯ ಅಂತ…”

“ಅಮ್ಮಿ ಗೊಂಬೆ ತರ ಕೂರ್ಲಿ ಅಂದೋನು?”

“ಒಡಿಯೋದಾದ್ರೆ ಒಡ್ದುಬುಡ್ಲಾ” ಅಂದ ಸ್ವಾಮಿ, ಕಣ್ಣು ಮುಚ್ಚಿ. “ಕೇಳ್ಬೇಡ.”

ಕೋಲು ಮೇಲೆದ್ದಿತು. ಅಷ್ಟರಲ್ಲಿ ಈ ಊರಿನ ಜಗಳಗಳಿಗೆಲ್ಲ ತನಗೆ ಸಮಯವಿಲ್ಲವೆಂದು ರಘುನಂದನ್ ಮೊಬೈಲು ಹಿಡಿದು ಇಬ್ಬರ ಎದುರಿಗೆ ಬಂದು ನಿಂತ. “ರಿಯಾಜ್, ಪಾಯಿಂಟ್ ಈಗಲೇ ತೆರೆಯಬೇಕು. ಇಲ್ಲದಿದ್ದರೆ ಮದ್ದೂರನ್ನು ಬೇರೆಯವರಿಗೆ ಕೊಡುತ್ತೇನೆ. ನಿಮ್ಮ ನಗು ತೋರಿಸಿದರೆ ಸಾಕು, ತೆರೆದುಕೊಳ್ಳುತ್ತದೆ. ಸ್ವಲ್ಪ ನಗಿ.”

ಮೊಬೈಲಿನ ಗಾಜು ರಿಯಾಜನ ಮುಖದ ಮುಂದೆ. ಅದರಲ್ಲಿ ಅವನದೇ ಮುಖ: ಕೆಂಡದ ಕಣ್ಣು, ಮೇಲೆತ್ತಿದ ಕೋಲು. ಪಕ್ಕದಲ್ಲಿ ಕಣ್ಣುಮುಚ್ಚಿ ತಲೆಯೊಡ್ಡಿದ ಮೆಹ್ತಾ ಸಾಹೇಬರು. ರಿಯಾಜ್ ಒಮ್ಮೆ ಗಾಜನ್ನು ನೋಡಿದ, ಒಮ್ಮೆ ಸ್ವಾಮಿಯನ್ನು ನೋಡಿದ. ಅವನ ತುಟಿಯ ಒಂದು ಮೂಲೆ ಅದುರಿತು.

“ಹಾಂ, ಹಾಗೇ. ಇನ್ನೂ ಸ್ವಲ್ಪ” ಅಂದ ರಘುನಂದನ್.

“ಅಲ್ಲ ಕಣ್ಲಾ” ಅಂದ ರಿಯಾಜ್, ಹೊಟ್ಟೆಯ ಕೆಳಗಿನಿಂದ ಬರುವ ದನಿಯಲ್ಲಿ, “ರಾಕ್ಸಸನ ಪಾರ್ಟ್ ಆಕ್ಕೊಂಡು… ಉಚ್ಚೆಗೆ ಎರಡು ಸಲ ಬುಟ್ಟು… ಆಮೇಲೆ ಏನ್ ಸಾರು ಅಂತೀಯಲ್ಲೋ!”

ಅಲ್ಲಿಗೆ ಕಟ್ಟೆ ಒಡೆಯಿತು. ಅವನು ಕೋಲಿಗೆ ಜೋತುಬಿದ್ದು ನಕ್ಕ. ಬಾಗಿ ನಕ್ಕ. ಮೊಬೈಲು ಜೇನಿನಂಥ ದನಿಯಲ್ಲಿ ಹೇಳಿತು: ‘ಕ್ಷಮಿಸಿ, ಮುಖ ಗುರುತಿಸಲಾಗಲಿಲ್ಲ. ದಯವಿಟ್ಟು ಹಿತವಾಗಿ ನಗಿರಿ.’

“ಅಷ್ಟು ಬೇಡ, ಕಡಿಮೆ ಮಾಡಿ!” ರಘುನಂದನ್ ಮೊಬೈಲನ್ನು ಅವನ ಮುಖ ಹೋದ ಕಡೆಗೆಲ್ಲ ಹಿಡಿದುಕೊಂಡು ಸುತ್ತಿದ. ‘ಕ್ಷಮಿಸಿ, ಮುಖ ಗುರುತಿಸಲಾಗಲಿಲ್ಲ.’

“ನನ್ ಮಗನ ಮುಖ ನನಗೆ ಸಿಕ್ತು ಬಿಡಪ್ಪ” ಅಂದರು ಶಮೀಮ್ ಬಾನು. “ಬಾಳ ದಿನ ಆಗಿತ್ತು. ನೀನು ಆ ಮೊಳೆ ಕಿತ್ಕೊಂಡು ಹೊರಡು.”

ರಿಯಾಜ್ ಉಸಿರು ಸಿಕ್ಕಷ್ಟರಲ್ಲಿ ಕೋಲಿನಿಂದ ಲೇತಿನ ಕಡೆ ತೋರಿಸಿದ. “ಕರಿಯಪ್ಪಣ್ಣ, ಬಿಚ್ಚು ಅಗ್ಗ. ಮಿಷಿನ್ ಇಲ್ಲೇ ಇರ್ತದೆ. ಗಾಡಿ ಬಾಡ್ಗೆ ಮೆಹ್ತಾ ಸಾಹೇಬ್ರು ಕೊಡ್ತಾರೆ!”

ಕರಿಯಪ್ಪ ಹಗ್ಗ ಬಿಚ್ಚಿದ. ಮಂಗಳಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಸ್ವಾಮಿ ಮೆಲ್ಲಗೆ ಒಂದು ಕಣ್ಣು ತೆರೆದು, ಮೊಬೈಲಿನ ಜೇನು ದನಿಯಲ್ಲೇ “ಕ್ಷಮಿಸಿ, ತಲೆ ಗುರುತಿಸಲಾಗಲಿಲ್ಲ, ಕೋಲು ಇಳಿಸಿರಿ” ಅಂದ. ಅಂದು ತಾನೂ ನಕ್ಕ. ಆದರೆ ಯಾರು ಎಷ್ಟು ನಕ್ಕರೂ ಪೇಟೆಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕೇಳಿಸಿದ್ದು, ಮೈಕಿಲ್ಲದೆ ಕೇಳಿಸಿದ್ದು, ರಿಯಾಜನ ನಗು ಒಂದೇ.